ತಂತಿ ಯಾರದು, ಕತ್ತರಿ ಯಾರ ಕೈಯಲ್ಲಿ?

ಹಾವೇರಿಯ ರೈಲು ನಿಲ್ದಾಣಕ್ಕೆ ಮಹದೇವಪ್ಪ ಮೈಲಾರ ಅವರ ಹೆಸರಿಡಲಾಗಿದೆ. ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿದೆ. ಇದರಲ್ಲೊಂದು ಸೋಜಿಗವಿದೆ. 1942ರ ಚಳವಳಿಗಾರರಿಗೆ ರೈಲು, ಅಂಚೆ ಮತ್ತು ತಂತಿ ಈ ಮೂರೂ ಪರಕೀಯ ಸರ್ಕಾರದ ನರನಾಡಿಗಳು. ಅವನ್ನು ಕಡಿದರೆ ಸರ್ಕಾರ ಕುಸಿಯುತ್ತದೆ ಎಂದು ನಂಬಿ ಪ್ರಾಣ ಪಣಕ್ಕಿಟ್ಟವರಲ್ಲಿ ಮಹದೇವಪ್ಪನವರೂ ಒಬ್ಬರು.

ಎಂಟು ದಶಕಗಳು ಉರುಳಿವೆ. ತಂತಿ ಹೋಗಿ ಟೆಲಿಫೋನ್ ಬಂತು, ಟೆಲಿಫೋನ್ ಜೇಬಿಗಿಳಿದು ಇಂಟರ್‌ನೆಟ್ ಆಯಿತು. ಇಂಟರ್‌ನೆಟ್ ಮೇಲೆ ಸರ್ಕಾರಕ್ಕೆ ಎಷ್ಟು ಹಿಡಿತವಿರಬೇಕು, ಜನರಿಗೆ ಎಷ್ಟು ಸ್ವಾತಂತ್ರ್ಯವಿರಬೇಕು ಎಂಬ ವಾದ ನ್ಯಾಯಾಲಯಗಳಲ್ಲೂ ಚಹದಂಗಡಿಗಳಲ್ಲೂ ಬಿಸಿಯೇರಿದೆ. ಇದು ಹೊಸ ಕಾಲದ ಹೊಸ ಜಗಳವೆಂದೇ ಹಲವರ ಭಾವನೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಈ ಜಗಳದ ಬೇರು 1885ರ ಒಂದು ಕಾಯ್ದೆಯಲ್ಲಿದೆ.

ಮೋಟೆಬೆನ್ನೂರಿನ ಹುಡುಗ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ ದಾಟಿ ರಾಣೆಬೆನ್ನೂರಿನತ್ತ ಹೊರಟರೆ ನಡುವೆ ಸಿಗುವ ಊರು ಮೋಟೆಬೆನ್ನೂರು. ಬ್ಯಾಡಗಿಗೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವುದು ಇಲ್ಲಿಯೇ. ಮಹದೇವಪ್ಪ ಹುಟ್ಟಿದ್ದು ಈ ಊರಿನಲ್ಲಿ, 1911ರ ಜೂನ್ 8ರಂದು. ಗಾಂಧೀಜಿ 1930ರಲ್ಲಿ ಸಾಬರಮತಿಯಿಂದ ದಂಡಿಗೆ ಉಪ್ಪಿನ ಸತ್ಯಾಗ್ರಹಕ್ಕೆ ನಡೆದಾಗ ಹತ್ತೊಂಬತ್ತು ತುಂಬದ ಈ ಹುಡುಗ ಆ ಸಾಲಿನಲ್ಲಿ ಹೆಜ್ಜೆ ಹಾಕಿದ್ದ. ಮುಂದೆ ಪತ್ನಿ ಸಿದ್ದಮ್ಮ ಕೂಡ ಚಳವಳಿಗೆ ಇಳಿದು ಸೆರೆವಾಸ ಕಂಡರು. ಹಾವೇರಿ ಸಮೀಪದ ಕೊರಡೂರಿನಲ್ಲಿ ಮಹದೇವಪ್ಪ ಆಶ್ರಮ ಕಟ್ಟಿ ಖಾದಿ ಮತ್ತು ಗ್ರಾಮಸೇವೆಯ ಕೆಲಸಕ್ಕೆ ನಿಂತರು.

1942ರ ಆಗಸ್ಟ್ 9ರ ನಸುಕಿನಲ್ಲಿ ಕಾಂಗ್ರೆಸ್ ನಾಯಕರೆಲ್ಲ ಬಂಧನಕ್ಕೊಳಗಾದರು. ಗಾಂಧೀಜಿಯ ‘ಹರಿಜನ’ ಪತ್ರಿಕೆ ನಿಂತುಹೋಯಿತು. ನಾಯಕರೂ ಇಲ್ಲ, ಪತ್ರಿಕೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ಊರೂರಿನ ತರುಣರು ತಮಗೆ ತೋಚಿದ ದಾರಿ ಹಿಡಿದರು. ಅಂದಿನ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ತಂತಿ ಕಡಿಯುವುದು, ಅಂಚೆ ಚೀಲ ಸುಡುವುದು, ಚಾವಡಿಯ ದಫ್ತರಕ್ಕೆ ಬೆಂಕಿ ಇಡುವುದು ವಾಡಿಕೆಯಾಯಿತು. ಈ ಭೂಗತ ಹೋರಾಟದ ಮುಂಚೂಣಿಯಲ್ಲಿ ಮಹದೇವಪ್ಪನವರ ದಂಡು ಇತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಬಲಿಯಾದರು.

ಅಹಿಂಸೆಯ ಚಳವಳಿಯಲ್ಲಿ ತಂತಿ ಕಡಿಯುವುದು ಸರಿಯೇ ಎಂಬ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ತಂತಿ ಕಡಿದಾಗ ಹಳ್ಳಿಯ ರೈತನ ಬದುಕಿನಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಆ ತಂತಿಯ ಮೇಲೆ ಓಡುತ್ತಿದ್ದುದು ಕಲೆಕ್ಟರನ ಹುಕುಂ, ಪೊಲೀಸರ ವರದಿ, ರೈಲ್ವೆಯ ಸಂಕೇತ ಮತ್ತು ದೊಡ್ಡ ವರ್ತಕರ ಹತ್ತಿಯ ದರ. ಬಡವನ ಮನೆಗೆ ತಂತಿ ಬಂತೆಂದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ತಂತಿ ಸರ್ಕಾರದ್ದಾಗಿತ್ತು, ಜನರದಾಗಿರಲಿಲ್ಲ.

ಒಂದು ಕಾಯ್ದೆ, ಮೂರು ವಿಧಿ

ಅದು ಸರ್ಕಾರದ್ದೇ ಆಗಿರಬೇಕೆಂದು ಬರೆದಿಟ್ಟದ್ದು ಕಾಯ್ದೆ. ಕಲ್ಕತ್ತೆಯ ವೈದ್ಯ ವಿಲಿಯಂ ಓಶಾನೆಸಿ 1839ರಲ್ಲಿಯೇ ತಂತಿಯ ಪ್ರಯೋಗ ನಡೆಸಿದ್ದರು. 1850ರ ದಶಕದ ನಡುವಿಗೆ ಕಲ್ಕತ್ತ, ಆಗ್ರಾ, ಮುಂಬಯಿ, ಮದರಾಸುಗಳು ತಂತಿಯಿಂದ ಬೆಸೆದುಕೊಂಡವು. 1854ರಲ್ಲೇ ತಂತಿಯ ಏಕಸ್ವಾಮ್ಯವನ್ನು ಸರ್ಕಾರ ಕಾಯ್ದೆಯ ಮೂಲಕ ತನ್ನದಾಗಿಸಿಕೊಂಡಿತು. ಮೂರು ವರ್ಷಗಳ ನಂತರ ಸಿಪಾಯಿಗಳು ಬಂಡೆದ್ದಾಗ ಸುದ್ದಿ ಮುಂಚಿತವಾಗಿ ತಲುಪಿಸುವ ಈ ಸಾಧನ ಸೈನ್ಯದಷ್ಟೇ ಬೆಲೆಯುಳ್ಳದ್ದೆಂದು ಆಳುವವರಿಗೆ ಮನದಟ್ಟಾಯಿತು.

ಈ ಅನುಭವವೆಲ್ಲ ಸೇರಿ 1885ರಲ್ಲಿ ಭಾರತೀಯ ಟೆಲಿಗ್ರಾಫ್ ಕಾಯ್ದೆಯಾಯಿತು. ಅದೇ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಾದು ಹರಿಹರದ ಕಡೆಗೆ ಹಳಿ ಹಾಸಿತು. ಹಳಿಯ ಜೊತೆಗೇ ತಂತಿಯ ಕಂಬಗಳೂ ಬಂದವು.

ಕಾಯ್ದೆಯ ಮೂರು ವಿಧಿಗಳನ್ನು ತಿಳಿದರೆ ಮುಂದಿನ ಕಥೆ ತಾನೇ ಬಿಡಿಸಿಕೊಳ್ಳುತ್ತದೆ. ತಂತಿ ಎಳೆಯುವ, ನಡೆಸುವ ಹಕ್ಕು ಸರ್ಕಾರಕ್ಕೆ ಮಾತ್ರ, ಬೇರೆಯವರಿಗೆ ಬೇಕಾದರೆ ಸರ್ಕಾರದ ಪರವಾನಗಿ ಬೇಕು ಎನ್ನುತ್ತದೆ 4ನೇ ವಿಧಿ. ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಸರ್ಕಾರ ಸಂದೇಶವನ್ನು ತಡೆಯಬಹುದು, ನಡುವೆಯೇ ಹಿಡಿದು ಓದಬಹುದು ಎನ್ನುತ್ತದೆ 5ನೇ ವಿಧಿ. ತಂತಿಗೆ ಬೇಕೆಂದೇ ಹಾನಿ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಎನ್ನುತ್ತದೆ 25ನೇ ವಿಧಿ. ಒಟ್ಟು ಅರ್ಥ ಇಷ್ಟೇ: ತಂತಿಯನ್ನು ಜನ ಕಡಿದರೆ ಅಪರಾಧ, ಸರ್ಕಾರ ತಡೆದರೆ ಆಡಳಿತ.

1947ರಲ್ಲಿ ಧ್ವಜ ಬದಲಾಯಿತು, ಕಾಯ್ದೆ ಬದಲಾಗಲಿಲ್ಲ. ‘ಟೆಲಿಗ್ರಾಫ್’ ಎಂಬ ಪದದ ವ್ಯಾಖ್ಯೆ ಮಾತ್ರ ಹಿಗ್ಗುತ್ತ ಹೋಯಿತು. ತಂತಿಯ ಮೂಲಕವಾಗಲಿ, ರೇಡಿಯೋ ಅಲೆಗಳ ಮೂಲಕವಾಗಲಿ ಅಕ್ಷರ, ಚಿತ್ರ, ಧ್ವನಿ ಸಾಗಿಸುವ ಎಲ್ಲ ಉಪಕರಣಗಳೂ ಅದರೊಳಗೆ ಸೇರಿದವು. ಹೀಗಾಗಿ ಮೋರ್ಸ್ ಕಟ್ಟೆಗೆಂದು ಬರೆದ ಕಾಯ್ದೆ ಟೆಲಿಫೋನಿಗೂ ಕೊನೆಗೆ ಇಂಟರ್‌ನೆಟ್ಟಿಗೂ ಅನ್ವಯವಾಯಿತು.

ಗಾಳಿಗೂ ಪರವಾನಗಿ

ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. 30 ವ್ಯಾಟ್‌ನ ಪುಟ್ಟ ಯಂತ್ರದಿಂದ ಸಂಗೀತ, ಭಾಷಣಗಳು ಗಾಳಿಗೇರಿದವು. ಆ ನಿಲಯದ ಹೆಸರು ‘ಆಕಾಶವಾಣಿ’. ಮುಂದೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು, ಹೆಸರನ್ನು ಇಡೀ ದೇಶದ ರೇಡಿಯೋ ಪಡೆಯಿತು. ಆದರೆ ಮೇಷ್ಟ್ರೊಬ್ಬರು ಮನೆಯಲ್ಲಿ ಕುಳಿತು ಪ್ರಸಾರ ಮಾಡಿದ ಆ ಸ್ವಾತಂತ್ರ್ಯ ಮಾತ್ರ ಹೆಸರಿನೊಂದಿಗೆ ಬರಲಿಲ್ಲ. 1942ರಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ ಮೂರು ತಿಂಗಳೊಳಗೆ ಪೊಲೀಸರ ಕೈಗೆ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೂ ರೇಡಿಯೋ ಸರ್ಕಾರದ್ದಾಗಿಯೇ ಉಳಿಯಿತು.

1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಆದರೂ ಹಳ್ಳಿಗರಿಗೆ ಪರವಾನಗಿ ಕೂಡಲೇ ದಕ್ಕಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಆಗ ಹೂಡಿದ ಉಪಾಯ ನೆನೆಯುವಂಥದು. ಗಾಳಿಯಲ್ಲಿ ಪ್ರಸಾರ ಮಾಡುವಂತಿಲ್ಲ ಎಂದಾಗ ಅವರು 2003ರ ಹೊತ್ತಿಗೆ ಕೇಬಲ್ ಮೂಲಕವೇ ಮನೆಮನೆಗೆ ‘ನಮ್ಮ ಧ್ವನಿ’ ತಲುಪಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

ಮುಖ್ಯಮಂತ್ರಿಯನ್ನು ಕೆಳಗಿಳಿಸಿದ ವಿಧಿ

5ನೇ ವಿಧಿಯ ಬಿಸಿ ಕರ್ನಾಟಕಕ್ಕೆ ಜೋರಾಗಿ ತಟ್ಟಿದ್ದು 1988ರಲ್ಲಿ. ರಾಜಕಾರಣಿಗಳು ಹಾಗೂ ಇತರರ ಟೆಲಿಫೋನುಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದ್ದಾರೆ ಎಂಬ ವಿಷಯ ಸಂಸತ್ತಿನಲ್ಲಿ ಸ್ಫೋಟಗೊಂಡಿತು. ತಾವು ಅದಕ್ಕೆ ಆದೇಶ ನೀಡಿರಲಿಲ್ಲ ಎಂದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ನೈತಿಕ ಹೊಣೆ ಹೊತ್ತು ಆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಎಸ್.ಆರ್. ಬೊಮ್ಮಾಯಿ ಬಂದರು.

ಹೆಗಡೆಯವರ ರಾಜಕೀಯದ ಬಗ್ಗೆ ಅಭಿಪ್ರಾಯ ಏನೇ ಇರಲಿ, ಆ ಪ್ರಕರಣ ಒಂದು ಸತ್ಯವನ್ನು ಬಯಲಿಗಿಟ್ಟಿತು. ಬ್ರಿಟಿಷರು ದಂಗೆಗೆ ಅಂಜಿ ಬರೆದುಕೊಂಡ ಅಧಿಕಾರ, ಚುನಾಯಿತ ಸರ್ಕಾರದಡಿ ಯಾರ ಗಮನಕ್ಕೂ ಬಾರದೆ ಕೆಲಸ ಮಾಡಬಲ್ಲದಾಗಿತ್ತು. ಪಿಯುಸಿಎಲ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಇದಕ್ಕೆ ಕಡಿವಾಣ ಹಾಕಿತು. ಕದ್ದಾಲಿಕೆಯ ಆದೇಶ ಗೃಹ ಕಾರ್ಯದರ್ಶಿಯ ಮಟ್ಟದಿಂದಲೇ ಹೊರಡಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದಿತು. ಕಾಯ್ದೆ ಹುಟ್ಟಿ ಆಗ 111 ವರ್ಷ ಕಳೆದಿತ್ತು.

ಇಂಟರ್‌ನೆಟ್ ಬಂದ ಮೇಲೆ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಸ್ವಾತಂತ್ರ್ಯ ದಿನದಂದೇ ಬಂದರೂ ಅದು ಹಳೆಯ ಕಾಯ್ದೆಯ ಮಗುವೇ. ಖಾಸಗಿ ಕಂಪನಿಗಳಿಗೆ ಸೇವೆ ನೀಡುವ ಅವಕಾಶ ದೊರೆತದ್ದು 1998ರಲ್ಲಿ. ಇಂಟರ್‌ನೆಟ್ ಮೂಲಕ ಫೋನು ಮಾಡುವುದು 2002ರ ಏಪ್ರಿಲ್‌ವರೆಗೆ ಕಾನೂನುಬಾಹಿರವಾಗಿತ್ತು ಎಂದರೆ, ವಾಟ್ಸ್‌ಆ್ಯಪ್‌ನಲ್ಲಿ ಪುಕ್ಕಟೆ ಮಾತಾಡುವ ಇಂದಿನ ತಲೆಮಾರಿಗೆ ನಗು ಬರಬಹುದು.

ತಡೆಯುವವರಿಗೂ ಹೊಸ ಯಂತ್ರ ಅರ್ಥವಾಗಿರಲಿಲ್ಲ. 2003ರಲ್ಲಿ ಮೇಘಾಲಯಕ್ಕೆ ಸಂಬಂಧಿಸಿದ ಒಂದು ಪುಟ್ಟ ಯಾಹೂ ಗುಂಪನ್ನು ಮುಚ್ಚಿಸಲು ಸರ್ಕಾರ ಹೊರಟಾಗ, ಅದೊಂದನ್ನೇ ಬೇರ್ಪಡಿಸಲಾಗದೆ ದೇಶದಲ್ಲಿ ಯಾಹೂ ಗುಂಪುಗಳೆಲ್ಲವೂ ಬಂದ್ ಆದವು. ಒಂದು ಮನೆಗೆ ಬೀಗ ಹಾಕಲು ಹೋಗಿ ಓಣಿಗೇ ಬೇಲಿ ಬಿಗಿದಂತಾಯಿತು.

ಹಿಡಿತ ಸರ್ಕಾರದಿಂದ ಮಾತ್ರ ಬರುವುದಿಲ್ಲ ಎಂಬುದು 2015ರಲ್ಲಿ ಸ್ಪಷ್ಟವಾಯಿತು. ಕೆಲವು ಜಾಲತಾಣಗಳಿಗೆ ಪುಕ್ಕಟೆ ಪ್ರವೇಶ, ಮಿಕ್ಕವಕ್ಕೆ ಹಣ ಎಂಬ ಯೋಜನೆಗಳನ್ನು ಕಂಪನಿಗಳು ಮುಂದಿಟ್ಟವು. ಫೇಸ್‌ಬುಕ್‌ನ ‘ಫ್ರೀ ಬೇಸಿಕ್ಸ್’ ಅದರಲ್ಲಿ ಪ್ರಮುಖವಾದದ್ದು. ಬಡವರಿಗೆ ಪುಕ್ಕಟೆ ಸಿಕ್ಕರೆ ತಪ್ಪೇನು ಎಂದು ಕೇಳಿದವರು ಕಡಿಮೆಯಿರಲಿಲ್ಲ. ಹೆದ್ದಾರಿಯ ಟೋಲ್ ಗೇಟಿನಲ್ಲಿ ಒಂದು ಕಂಪನಿಯ ಲಾರಿಗಳಿಗೆ ಸುಂಕವಿಲ್ಲ, ಉಳಿದವರಿಗೆ ಇದೆ ಎಂದರೆ ಕೊನೆಗೆ ಆ ರಸ್ತೆಯಲ್ಲಿ ಯಾರ ಲಾರಿ ಉಳಿಯುತ್ತದೆ ಎಂಬುದು ವಿರೋಧಿಗಳ ಪ್ರಶ್ನೆ. ಬೆಂಗಳೂರಿನ ನಂದನ್ ನಿಲೇಕಣಿ ಕೂಡ ಫ್ರೀ ಬೇಸಿಕ್ಸ್ ಬೇಡವೆಂದು ಬರೆದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಲಕ್ಷಗಟ್ಟಲೆ ಪತ್ರಗಳು ಹರಿದುಬಂದವು. 2016ರ ಫೆಬ್ರುವರಿ 8ರಂದು ಪ್ರಾಧಿಕಾರ ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ತಂತ್ರಜ್ಞಾನದ ವಿಷಯವೊಂದರಲ್ಲಿ ಸಾಮಾನ್ಯರ ಅಭಿಪ್ರಾಯ ಗೆದ್ದ ಅಪರೂಪದ ಪ್ರಸಂಗವಿದು.

ಆ ಅವಧಿಯಲ್ಲೇ ನ್ಯಾಯಾಲಯದಲ್ಲೂ ಎರಡು ದೊಡ್ಡ ತೀರ್ಪುಗಳು ಬಂದವು. ಇಂಟರ್‌ನೆಟ್‌ನಲ್ಲಿ ‘ಕಿರಿಕಿರಿ’ ಉಂಟುಮಾಡುವ ಮಾತಿಗೂ ಜೈಲಿಗೆ ಕಳಿಸಬಲ್ಲ 66ಎ ವಿಧಿಯನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ವದಂತಿಯ ಭಯ

ಹಾಗಾದರೆ ಸರ್ಕಾರದ ಕೈಯಲ್ಲಿ ಕತ್ತರಿ ಇರಲೇಬಾರದೆ? ಇರಬೇಕೆನ್ನುವವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮೂಲಕ ಹಬ್ಬಿದ ಬೆದರಿಕೆಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ ಕೆಲ ದಿನಗಳ ಮಟ್ಟಿಗೆ ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಮಿತಿ ಹೇರಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಇಂಥ ಹೊತ್ತಿನಲ್ಲಿ ಸಂದೇಶದ ಓಟಕ್ಕೆ ತಡೆ ಬೇಕೆಂದು ಪೊಲೀಸ್ ಅಧಿಕಾರಿಗಳು ಬಯಸಿದರೆ ಅದನ್ನು ದರ್ಪವೆಂದು ತಳ್ಳಿಹಾಕಲಾಗದು.

ಆದರೆ ಎರಡೂ ಪ್ರಕರಣಗಳಲ್ಲಿ ತಡೆಯ ಸ್ವರೂಪ ಹೇಗಿತ್ತು ಎಂಬುದು ಮುಖ್ಯ. 2012ರಲ್ಲಿ ಸಂದೇಶಗಳ ಸಂಖ್ಯೆಗೆ ಮಿತಿ ಬಂತು. 2018ರಲ್ಲಿ ವಾಟ್ಸ್‌ಆ್ಯಪ್ ಕಂಪನಿ ಒಂದು ಸಂದೇಶವನ್ನು ಭಾರತದಲ್ಲಿ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. ರೋಗ ಇರುವ ಕಡೆಗೆ ಮದ್ದು. ಇಡೀ ಜಿಲ್ಲೆಯ ಇಂಟರ್‌ನೆಟ್ ನಿಲ್ಲಿಸುವುದು ಬೇರೆಯೇ ಕ್ರಮ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆ ವೇಳೆ ಗೋಲಿಬಾರ್ ನಡೆದ ಬಳಿಕ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ಇಂಟರ್‌ನೆಟ್ ಸ್ಥಗಿತಗೊಂಡಿತು. ಅದರಿಂದ ವದಂತಿಗೆ ತಡೆ ಬಿದ್ದಿರಬಹುದು. ಜೊತೆಗೆ ಎರಡು ದಿನ ಹಣ ಪಾವತಿ, ಆಟೋ, ಸುದ್ದಿ ಎಲ್ಲಕ್ಕೂ ಅದೇ ತಡೆ ಬಿತ್ತು.

ಹೀಗೆ ನಿಲ್ಲಿಸಲು ಇದ್ದ ಆಧಾರ 2017ರ ನಿಯಮಗಳು. ಅವು ರೂಪುಗೊಂಡದ್ದು ಮತ್ತದೇ 1885ರ ಕಾಯ್ದೆಯಡಿ. ತಂತಿ ಸೇವೆಯೇ 2013ರ ಜುಲೈನಲ್ಲಿ ಕೊನೆಗೊಂಡಿತ್ತು ಎಂಬುದು ವಿಪರ್ಯಾಸ. ತಂತಿ ಸತ್ತ ಮೇಲೂ ತಂತಿ ಕಾಯ್ದೆ ಜೀವಂತವಾಗಿತ್ತು.

ಕಾಶ್ಮೀರದಲ್ಲಿ 2019ರ ಆಗಸ್ಟ್‌ನಿಂದ ಇಂಟರ್‌ನೆಟ್ ನಿಲ್ಲಿಸಿದ್ದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಕೆಲವು ನಿಯಮಗಳನ್ನು ವಿಧಿಸಿತು. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಕ್ರಮವು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು, ಆದೇಶವನ್ನು ಪ್ರಕಟಿಸಬೇಕು ಎಂದಿತು. ಇವುಗಳಲ್ಲಿ ಕೊನೆಯದೇ ದೊಡ್ಡದು. ಆದೇಶ ಕಣ್ಣಿಗೆ ಬಿದ್ದರೆ ತಾನೇ ಅದನ್ನು ಪ್ರಶ್ನಿಸಲು ಸಾಧ್ಯ?

ಜಾಲತಾಣದ ಬರಹಗಳನ್ನು ತಡೆಯುವ ವಿಷಯದಲ್ಲಿ ಈ ಬೆಳಕು ಇನ್ನೂ ಮಂದ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯಡಿ ಸರ್ಕಾರ ಕಾರಣ ಬರೆದಿಡಬೇಕು ನಿಜ. ಆದರೆ 2009ರ ನಿಯಮಗಳ ಪ್ರಕಾರ ಆ ದೂರು, ಕ್ರಮಗಳೆಲ್ಲ ಗೋಪ್ಯ. ಇಂಥ ಆದೇಶಗಳನ್ನು ಟ್ವಿಟರ್ ಕಂಪನಿ 2022ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಾಲಯ ಅರ್ಜಿ ತಳ್ಳಿಹಾಕಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ, ಬರಹ ತೆಗೆಸಲು ಸರ್ಕಾರ ರೂಪಿಸಿದ ‘ಸಹಯೋಗ್’ ವ್ಯವಸ್ಥೆಯ ವಿರುದ್ಧ ತಂದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಭಾರತದ ನಾಗರಿಕರದು, ವಿದೇಶಿ ಕಂಪನಿಯದಲ್ಲ ಎಂಬುದು ನ್ಯಾಯಾಲಯದ ನಿಲುವು. ಇದರಲ್ಲಿ ತರ್ಕವಿದೆ. ಆದರೆ ಬರಹ ತೆಗೆದುಹಾಕಿದಾಗ ಮಾತು ಕಳೆದುಕೊಳ್ಳುವವನು ಬಹುಪಾಲು ಭಾರತದ ನಾಗರಿಕನೇ. ಕಾರಣವೇ ತಿಳಿಯದಿದ್ದರೆ ಆತ ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು?

1885ರ ಕಾಯ್ದೆಯ ಬದಲಿಗೆ ಸಂಸತ್ತು 2023ರ ಡಿಸೆಂಬರ್‌ನಲ್ಲಿ ಹೊಸ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಸಂದೇಶ ತಡೆಯುವ, ಸೇವೆ ಸ್ಥಗಿತಗೊಳಿಸುವ ಅಧಿಕಾರ ಅದರ 20ನೇ ವಿಧಿಯಲ್ಲಿದ್ದು, 2024ರ ಜೂನ್ 26ರಿಂದ ಜಾರಿಗೆ ಬಂತು. ಸಾರ್ವಜನಿಕ ತುರ್ತುಸ್ಥಿತಿ, ಸಾರ್ವಜನಿಕ ಸುರಕ್ಷತೆ ಎಂಬ ಹಳೆಯ ಪದಗಳು ಅಲ್ಲಿಯೂ ಮುಂದುವರಿದಿವೆ.

ಮೆಣಸಿನಕಾಯಿ ಮಾರುಕಟ್ಟೆಯ ಲೆಕ್ಕ

ಇದೆಲ್ಲ ದೊಡ್ಡ ಊರಿನ, ದೊಡ್ಡ ಕಂಪನಿಗಳ ವ್ಯವಹಾರ ಎನ್ನುವವರು ಮೋಟೆಬೆನ್ನೂರಿನಿಂದ ಕೆಲವೇ ಮೈಲಿ ದೂರದ ಬ್ಯಾಡಗಿ ಮಾರುಕಟ್ಟೆಯನ್ನು ನೋಡಬೇಕು. ಡಬ್ಬಿ, ಕಡ್ಡಿ ತಳಿಗಳ ಕೆಂಪಿಗೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಲ್ಲಿ ದರ ನಿಗದಿಯಾಗುವುದು ಇ-ಟೆಂಡರ್ ಮೂಲಕ. ರೈತ ತಂದ ಚೀಲಗಳು ದಲಾಲಿ ಅಂಗಡಿಯ ಮುಂದೆ ಲಾಟುಗಳಾಗಿ ಕೂಡುತ್ತವೆ. ವರ್ತಕರು ಮಾಲು ನೋಡಿ ತಮ್ಮ ದರವನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಗಡುವು ಮುಗಿದಾಗ ಹೆಚ್ಚಿನ ದರ ಯಾರದೆಂದು ತಿಳಿಯುತ್ತದೆ. ಕಲ್ಕತ್ತೆ, ಮುಂಬಯಿ ವರ್ತಕರಿಗೆ ಮಾತ್ರ ತಂತಿಯಲ್ಲಿ ತಿಳಿಯುತ್ತಿದ್ದ ದರ ಈಗ ರೈತನ ಮೊಬೈಲಿನಲ್ಲಿದೆ.

2024ರ ಮಾರ್ಚ್ 11ರಂದು ಇದೇ ಮಾರುಕಟ್ಟೆಯಲ್ಲಿ ದರ ಕುಸಿತದಿಂದ ಕೆರಳಿದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಇಂಥ ಗಲಭೆಯ ದಿನ ಇಂಟರ್‌ನೆಟ್ ನಿಲ್ಲಿಸೋಣ ಎಂಬ ಯೋಚನೆ ಯಾವ ಅಧಿಕಾರಿಗೂ ಬರಬಹುದು. ನಿಲ್ಲಿಸಿದರೆ ವದಂತಿಯ ಜೊತೆಗೆ ಟೆಂಡರೂ ನಿಲ್ಲುತ್ತದೆ, ರೈತನಿಗೆ ಬೇರೆ ಮಾರುಕಟ್ಟೆಯ ದರವೂ ತಿಳಿಯದಾಗುತ್ತದೆ, ಚೀಲಗಳು ಮಾತ್ರ ಅಂಗಡಿಯ ಮುಂದೆ ಕಾಯುತ್ತವೆ.

1942ರಿಂದ ಈಚೆಗೆ ಆಗಿರುವ ಮುಖ್ಯ ಬದಲಾವಣೆ ಇದು. ಆಗ ತಂತಿಯಲ್ಲಿ ಸರ್ಕಾರದ ಕೆಲಸ ಓಡುತ್ತಿತ್ತು, ಅದನ್ನು ಕಡಿದರೆ ನಷ್ಟ ಸರ್ಕಾರಕ್ಕೆ. ಈಗ ಅದೇ ದಾರಿಯಲ್ಲಿ ಓಡುತ್ತಿರುವುದು ಜನರ ಬದುಕು. ಪಿಂಚಣಿ, ಪಡಿತರ, ಪರೀಕ್ಷೆಯ ಫಲಿತಾಂಶ, ಮೆಣಸಿನಕಾಯಿಯ ದರ ಎಲ್ಲವೂ ಅದರಲ್ಲಿವೆ. ಕಡಿದರೆ ನಷ್ಟ ಜನರಿಗೆ. ತಂತಿಯ ಒಡೆತನ ಹೀಗೆ ಕೈ ಬದಲಿಸಿದರೂ ಕತ್ತರಿಯ ಕಾನೂನು ಮಾತ್ರ ಹೆಚ್ಚುಕಡಿಮೆ ಹಳೆಯ ಜಾಗದಲ್ಲಿಯೇ ಇದೆ.

ಕತ್ತರಿಯೇ ಬೇಡವೆನ್ನುವುದು ಮುರ್ಕಿಯಂಥ ಘಟನೆಗಳನ್ನು ಮರೆತಂತೆ. ಅದನ್ನು ಯಾರು, ಯಾವ ಕಾರಣಕ್ಕೆ, ಎಷ್ಟು ಹೊತ್ತು ಬಳಸಿದರು ಎಂಬುದು ಜನರಿಗೆ ತಿಳಿಯಬೇಕೆನ್ನುವುದು ಮಾತ್ರ ನ್ಯಾಯವಾದ ಬೇಡಿಕೆ. ಹಳ್ಳಿಗಳಲ್ಲಿ ಹಿಂದೆ ಕಂದಾಯ ಕಟ್ಟದವನ ಎತ್ತು ಹರಾಜಿಗಿಡುವಾಗಲೂ ಡಂಗುರ ಸಾರುತ್ತಿದ್ದರು. ಜಿಲ್ಲೆಗೆ ಜಿಲ್ಲೆಯೇ ಮಾತು ಕಳೆದುಕೊಳ್ಳುವ ಆದೇಶಕ್ಕೆ ಅಷ್ಟಾದರೂ ಡಂಗುರ ಬೇಡವೆ?